ಉಟ್ಕೂರಿನ ಟೇಪುಗಳಿಗೆ ಉಳಿದಿರುವ ಕಾಲ

ತೆಲಂಗಾಣದ ನಾರಾಯಣಪೇಟೆ ಮತ್ತು ಮಖ್ತಲ್ ನಡುವಿನ ಉಟ್ಕೂರ್, ಸುತ್ತಲಿನ ಹಳ್ಳಿಗಳು, ಕೃಷ್ಣೆಯ ದಂಡೆಯ ಊರುಗಳು, ಹೊಳೆಯಾಚೆಗೆ ಗದ್ವಾಲ. ಈ ಸೀಮೆಯ ಮನೆಗಳ ಟ್ರಂಕು, ಅಟ್ಟ, ಗೂಡುಗಳಲ್ಲಿ ಹಾಡಿನ ಕ್ಯಾಸೆಟ್ಟುಗಳು ಇನ್ನೂ ಬಿದ್ದಿವೆ. ಅಂಗಡಿಯಲ್ಲಿ ಕೊಂಡು ತಂದ ಸಿನಿಮಾ ಹಾಡಿನ ಕ್ಯಾಸೆಟ್ಟುಗಳ ಮಾತನ್ನು ನಾವು ಆಡುತ್ತಿಲ್ಲ. ಶ್ರಾವಣದ ಭಜನೆ, ಅಮಾವಾಸ್ಯೆ ರಾತ್ರಿಯ ತತ್ವಪದ, ಮೊಹರಂ ಹೊತ್ತಿನ ಅಲಾಯಿ ಪದ, ಬೆಳತನಕ ನಡೆದ ಬಯಲಾಟ, ಹೀಗೆ ಯಾರೋ ಒಬ್ಬರು ಟೇಪ್‌ರೆಕಾರ್ಡರನ್ನು ಮುಂದಿಟ್ಟು, ಕೆಂಪು ಗುಂಡಿ ಒತ್ತಿ, ಹಾಡುವವರ ಎದುರಿಗೆ ಕೂತು ಹಿಡಿದಿಟ್ಟ ದನಿಗಳು ಇವು. ಇವುಗಳಿಗೆ ಎರಡನೆಯ ಪ್ರತಿ ಇಲ್ಲ. ಹಾಡಿದವರಲ್ಲಿ ಬಹಳ ಮಂದಿ ಈಗ ಇಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಈ ಟೇಪುಗಳೂ ಇರುವುದಿಲ್ಲ. ಇದ್ದರೂ ಕೇಳಿಸುವುದಿಲ್ಲ.

ಇದು ನಮ್ಮೊಬ್ಬರ ಕಳವಳವಲ್ಲ. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಸೇರಿ 2019ರಲ್ಲಿ ಜಗತ್ತಿನ ಸಂಗ್ರಹಾಲಯಗಳಿಗೆಲ್ಲ ಒಂದು ಎಚ್ಚರಿಕೆ ಕೊಟ್ಟವು. ಕಾಂತೀಯ ಟೇಪಿನಲ್ಲಿರುವುದನ್ನು 2025ರ ಹೊತ್ತಿಗೆ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳದಿದ್ದರೆ ಬಹುಪಾಲು ಕೈತಪ್ಪಲಿದೆ ಎಂಬುದು ಅದರ ಸಾರ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವೂ ಅದೇ ವರ್ಷವನ್ನು ಗಡುವಾಗಿ ಇಟ್ಟುಕೊಂಡು ಕೆಲಸಕ್ಕೆ ಇಳಿದಿತ್ತು. ಕಾರಣ ಟೇಪು ಹಾಳಾಗುವುದೊಂದೇ ಅಲ್ಲ. ಟೇಪು ನುಡಿಸುವ ಒಳ್ಳೆಯ ಯಂತ್ರಗಳ ತಯಾರಿಕೆ ನಿಂತುಹೋಯಿತು, ಅವುಗಳ ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಗೊತ್ತಿರುವವರಿಗೆ ವಯಸ್ಸಾಗಿದೆ. ಆ ಗಡುವು ಉಟ್ಕೂರಿಗೆ ತಿಳಿಯದೆಯೇ ಬಂದುಹೋಯಿತು. ನಾರಾಯಣಪೇಟೆಯಲ್ಲಾಗಲಿ ಗದ್ವಾಲದಲ್ಲಾಗಲಿ ಟೇಪ್‌ರೆಕಾರ್ಡರಿನ ಬೆಲ್ಟು ಬದಲಿಸಿಕೊಡುವವರನ್ನು ಹುಡುಕಿ ನೋಡಿ, ಗಡುವು ಎಷ್ಟು ನಿಜವೆಂದು ಗೊತ್ತಾಗುತ್ತದೆ.

ಕ್ಯಾಸೆಟ್ಟೊಂದನ್ನು ಕೈಗೆತ್ತಿಕೊಂಡು ನೋಡೋಣ. ಒಳಗಿನ ಟೇಪಿನ ಅಗಲ ಹೆಚ್ಚುಕಡಿಮೆ 3.8 ಮಿಲಿಮೀಟರು. ಅದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಹೆಡ್ಡಿನ ಮುಂದೆ ಹರಿಯುತ್ತದೆ. ಹಾಡು ಇರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಕೂಡಿಸಿದ ಲೋಹದ ಆಕ್ಸೈಡಿನ ಪುಡಿಯಲ್ಲಿ. ತೇವ ಹಿಡಿದರೆ ಬೂಷ್ಟು ಬರುತ್ತದೆ. ಅಂಟು ಸಡಿಲವಾದರೆ ಪುಡಿ ಉದುರಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಹಾಡು ಮಂಕಾಗುತ್ತದೆ. ಕ್ಯಾಸೆಟ್ಟಿನ ನಡುಬಾಯಿಯಲ್ಲಿ ತೆಳ್ಳನೆಯ ತಗಡಿನ ಮೇಲೆ ಉಗುರಿನಷ್ಟಗಲದ ಒಂದು ಮೆತ್ತೆ ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ನಮ್ಮ ಕಡೆಯ ಬೇಸಿಗೆಗಳಲ್ಲಿ ಅದರ ಗೋಂದು ಒಣಗಿ ಮೆತ್ತೆ ಕಳಚಿ ಬೀಳುತ್ತದೆ. ಆಗ ಟೇಪು ಚೆನ್ನಾಗಿಯೇ ಇದ್ದರೂ ದನಿ ಹತ್ತಿರವಾಗಿ ದೂರವಾಗಿ ಹೊಯ್ದಾಡುತ್ತದೆ. ಮನೆಯವರು ಟೇಪು ಕೆಟ್ಟಿತು ಅಂದುಕೊಂಡು ಎಸೆಯುತ್ತಾರೆ. ಕೆಟ್ಟಿದ್ದು ಒಂದು ಮೆತ್ತೆ, ಹೋಗಿದ್ದು ಒಬ್ಬರ ಜೀವಮಾನದ ಹಾಡು.

ಇಷ್ಟೊಂದು ಆತಂಕಪಡುವಂಥದ್ದು ಈ ಸೀಮೆಯ ದನಿಯಲ್ಲಿ ಏನಿದೆ ಎಂದು ಕೇಳುವವರು ಇದ್ದಾರೆ. ಅವರಿಗೆ ದಾಮರಗಿದ್ದದ ಹೆಸರು ಹೇಳಬೇಕು. ಉಟ್ಕೂರ್ ಇರುವ ನಾರಾಯಣಪೇಟೆ ಜಿಲ್ಲೆಯದೇ ಊರು. ಅಲ್ಲಿನ ದಾಸರಿ ಕೊಂಡಪ್ಪನವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರು ನುಡಿಸುವುದು ಬುರ್ರವೀಣೆ. ಒಣಗಿಸಿದ ಸೋರೆಬುರುಡೆ, ಬಿದಿರು, ಲೋಹದ ತಂತಿ, ಅಷ್ಟೇ ವಾದ್ಯ. ಮನೆತನದ ಮೂರನೆಯ ತಲೆಮಾರಿನ ವಾದಕರು ಅವರು. ತಾವೇ ನುಡಿಸಿಕೊಂಡು ತೆಲುಗಿನಲ್ಲೂ ಕನ್ನಡದಲ್ಲೂ ತತ್ವ ಹಾಡುತ್ತಾರೆ. ಈ ವಾದ್ಯಕ್ಕೆ ಉಳಿದಿರುವ ಕೊನೆಯ ಕಲಾವಿದರೆಂದೇ ಅವರನ್ನು ಗುರುತಿಸುತ್ತಾರೆ. ‘ಬಲಗಂ’ ಸಿನಿಮಾದಲ್ಲಿ ಅವರ ದನಿ ಕೇಳಿದ ಮೇಲೆಯೇ ಎಷ್ಟೋ ಜನರಿಗೆ ಇಂಥದ್ದೊಂದು ವಾದ್ಯವಿದೆ ಎಂದು ಗೊತ್ತಾಗಿದ್ದು. ನಾಗರ್‌ಕರ್ನೂಲ್ ಜಿಲ್ಲೆಯ ದರ್ಶನಂ ಮೊಗಿಲಯ್ಯನವರದು ಹನ್ನೆರಡು ಮೆಟ್ಟಿಲಿನ ಕಿನ್ನೆರ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದಾಗಿ ಎರಡೇ ವರ್ಷಕ್ಕೆ, 2024ರ ಮೇ ತಿಂಗಳಲ್ಲಿ, ಅವರು ಹೈದರಾಬಾದಿನ ಹತ್ತಿರ ಕಟ್ಟಡದ ಕೂಲಿ ಮಾಡುತ್ತಿರುವುದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ವಾದ್ಯದ ಬಳಗ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯ ಇದ್ದ; ಮಹಾಭಾರತದ ಕಥೆ ಹಾಡುವ ಕಿನ್ನರಿ ಜೋಗಿಗಳು ನಮ್ಮ ಊರುಗಳಿಗೆ ಬರುತ್ತಿದ್ದರು.

ಇಂಥ ದನಿಗಳಿಗೆ ಕಾದಿರುವ ಕಿವಿಗಳು ಹೊರಗೂ ಇವೆ. ಜಗತ್ತಿನಲ್ಲಿ ಪ್ರಯೋಗಶೀಲ ಸಂಗೀತ, ಅವಾಂಗಾರ್ಡ್ ಸಂಗೀತ ಎಂದು ಕರೆಯುವುದರ ಕೇಳುಗರ ಗುಂಪು ಚಿಕ್ಕದು, ಆದರೆ ಅವರ ಹುಡುಕಾಟದ ಹಟ ದೊಡ್ಡದು. ಯಾರೂ ಕೇಳದ ರೆಕಾರ್ಡು, ಯಾವ ಕಂಪನಿಯೂ ಹೊರತರದ ಟೇಪು, ಅಳತೆಗೆ ಸಿಗದ ಶ್ರುತಿ ಇವನ್ನು ಹುಡುಕಿ, ಒಬ್ಬರಿಗೊಬ್ಬರು ಹಂಚಿಕೊಂಡು ಬದುಕುವ ಜನ ಅವರು. ಅವರ ಹಾದಿ ನಮ್ಮ ಕಡೆಗೇ ಬರುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಅಬ್ದುಲ್ ಕರೀಂ ಖಾನರ, ಕುಂದಗೋಳದ ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ, ಭೀಮಸೇನ ಜೋಶಿಯವರ ಕಿರಾನಾ ಘರಾಣೆಯನ್ನು ನಾವು ಮನೆಯದೆಂದೇ ತಿಳಿದಿದ್ದೇವೆ. ಅದೇ ಘರಾಣೆಯ ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿನ ಪ್ರಯೋಗಶೀಲ ಸಂಗೀತದ ದೊಡ್ಡ ಹೆಸರುಗಳಾದ ಲಾ ಮಾಂಟ್ ಯಂಗ್ ಮತ್ತು ಟೆರ್ರಿ ರೈಲಿ ಪ್ರಾಣನಾಥರ ಶಿಷ್ಯರಾಗಿ ಕೂತರು. ಒಂದೇ ಶ್ರುತಿಯನ್ನು ಗಂಟೆಗಟ್ಟಲೆ ಹಿಡಿದು, ಅದರೊಳಗಿನ ಸಣ್ಣ ಸಣ್ಣ ದನಿಗಳನ್ನು ಕೇಳಿಸಿಕೊಳ್ಳುವುದು ಈ ಗುರುಶಿಷ್ಯರ ಸಾಧನೆ. ಏಕತಾರಿ ಹಿಡಿದು ತತ್ವಪದಕ್ಕೆ ಕೂತವರು ಈ ಸೀಮೆಯಲ್ಲಿ ಮಾಡಿಕೊಂಡು ಬಂದದ್ದಕ್ಕೆ ಅದು ಬಹಳ ಹತ್ತಿರದ್ದು. ನಮ್ಮದನ್ನು ಹಿಂದುಳಿದ ಹಳೇ ಹಾಡೆಂದು ಬದಿಗಿಟ್ಟು, ಅವರದನ್ನು ಮುಂದಿನ ಕಾಲದ ಸಂಗೀತವೆಂದು ಎತ್ತರದಲ್ಲಿ ಕೂರಿಸುವುದು ಕೇಳುವ ಕಿವಿಯ ದೋಷ.

ಒಳ್ಳೆಯ ಟೇಪೊಂದು ಮರೆವಿನಿಂದ ಹೇಗೆ ಎದ್ದು ಬರುತ್ತದೆ ಎಂಬುದಕ್ಕೆ ಅಹಮದಾಬಾದಿನ ಕಥೆ ಇದೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಎನ್‌ಐಡಿಯಲ್ಲಿ, 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಇಟ್ಟು ಒಂದು ಎಲೆಕ್ಟ್ರಾನಿಕ್ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್ರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋ ನಿಂತಿತು, ಟೇಪುಗಳು ಕಪಾಟು ಸೇರಿದವು, ದೇಶ ಅದನ್ನು ಮರೆತೇಬಿಟ್ಟಿತು. 2017ರಲ್ಲಿ ಲಂಡನ್ನಿನ ಕಲಾವಿದ ಪಾಲ್ ಪರ್ಗಸ್ ಅಲ್ಲಿ ಹುಡುಕುವಾಗ ಆ ಸುರುಳಿಗಳು ಸಿಕ್ಕವು. 2023ರಲ್ಲಿ ಅವು ರೆಕಾರ್ಡಾಗಿ ಹೊರಬಂದವು. ಭಾರತದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯನ್ನೇ ತಿದ್ದಿ ಬರೆಯಬೇಕಾಯಿತು. ಚರಣ್‌ಜಿತ್ ಸಿಂಗ್ ಮುಂಬೈನಲ್ಲಿ 1982ರಲ್ಲಿ ಸಿಂಥಸೈಜರಿನಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿದ ರೆಕಾರ್ಡಿನದೂ ಇಂಥದ್ದೇ ಪಾಡು. ಬಂದಾಗ ಕೇಳುವವರಿರಲಿಲ್ಲ, ಹಾಲೆಂಡಿನ ಸಂಗ್ರಾಹಕರೊಬ್ಬರ ಕೈಗೆ ಸಿಕ್ಕಿ 2010ರಲ್ಲಿ ಮತ್ತೆ ಅಚ್ಚಾದ ಮೇಲೆ ಜಗತ್ತು ಬೆರಗಾಯಿತು.

ಈ ಎರಡೂ ಕಥೆಗಳನ್ನು ಹೇಳುವವರು ಅದೃಷ್ಟದ ಭಾಗವನ್ನು ಬಿಟ್ಟು ಹೇಳುತ್ತಾರೆ. ಎನ್‌ಐಡಿಗೆ ಕಟ್ಟಡವಿತ್ತು, ಕಪಾಟಿತ್ತು, ದಾಖಲೆಯಿತ್ತು. ಚರಣ್‌ಜಿತ್ ಸಿಂಗರದು ಅಚ್ಚಾದ ರೆಕಾರ್ಡು, ಹಲವು ಪ್ರತಿಗಳಿದ್ದವು. ಉಟ್ಕೂರಿನ ಟ್ರಂಕಿನಲ್ಲಿ ಬಿದ್ದಿರುವ ಕ್ಯಾಸೆಟ್ಟಿಗೆ ಇವು ಯಾವುವೂ ಇಲ್ಲ. ಐವತ್ತು ವರ್ಷದ ನಂತರ ಯಾರೋ ಲಂಡನ್ನಿನಿಂದ ಬಂದು ಹುಡುಕುತ್ತಾರೆ ಎಂದು ಕಾಯುವ ಸ್ಥಿತಿಯಲ್ಲಿ ನಾವಿಲ್ಲ.

ಕನ್ನಡದ ಒಳಗೂ ನೆನಪಿಡಬೇಕಾದ ನಷ್ಟವೊಂದಿದೆ. ಬಿ.ವಿ. ಕಾರಂತರು ರಂಗಸಂಗೀತದಲ್ಲಿ ಮಾಡಿದ್ದನ್ನು ಪ್ರಯೋಗ ಎನ್ನದೆ ಬೇರೇನೂ ಹೇಳಲಾಗದು. ಕೈಗೆ ಸಿಕ್ಕ ವಸ್ತುವಿನಿಂದ, ನಟರ ಬಾಯಿಂದ, ಮೌನದಿಂದ ಅವರು ಸಂಗೀತ ಕಟ್ಟಿದರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾದ ಜೊತೆ ಅದು ಉಳಿಯಿತು. ನಾಟಕದ ಸದ್ದು ಮಾತ್ರ ಆಯಾ ರಾತ್ರಿಯೇ ಮುಗಿಯುತ್ತಿತ್ತು; ಯಾರೋ ಆಸೆಪಟ್ಟು ಟೇಪಿಗೆ ಹಿಡಿದಷ್ಟೇ ನಮ್ಮ ಪಾಲಿಗೆ ಬಂದದ್ದು. ತತ್ವಪದದಲ್ಲೂ ಇದೇ ಆಯಿತು. ಕಡಕೋಳದ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಇವರ ಪದಗಳು ಪುಸ್ತಕಗಳಾಗಿವೆ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ಹತ್ತಾರು ಸಂಪುಟಗಳಲ್ಲಿ ಕರ್ನಾಟಕದ ತತ್ವಪದಗಳನ್ನು ಅಚ್ಚು ಹಾಕಿಸಿತು. ಅದು ದೊಡ್ಡ ಕೆಲಸ, ಆದರೆ ಅಕ್ಷರದ ಕೆಲಸ. ಮಡಿವಾಳಪ್ಪನ ಪದವನ್ನು ಕಲಬುರಗಿಯವರು ಎಳೆಯುವ ಬಗೆ ಬೇರೆ, ಮಖ್ತಲ್ ಕಡೆಯವರು ತೆಲುಗಿನ ನಡೆ ಬೆರೆಸಿ ಹಾಡುವ ಬಗೆ ಬೇರೆ. ಆ ಬೇರೆತನ ಯಾವ ಸಂಪುಟದ ಹಾಳೆಯಲ್ಲೂ ಸಿಗುವುದಿಲ್ಲ. ಅದು ಟೇಪಿನಲ್ಲಿದೆ.

ಈಗ ಹಂಚಿಕೆಯ ಮಾತು. ಟೇಪಿನ ಕಾಲ ಹೋದರೇನು, ಎಲ್ಲರ ಕೈಯಲ್ಲೂ ಫೋನಿದೆ, ಹಾಡು ಕ್ಷಣದಲ್ಲಿ ಊರೂರಿಗೆ ಹೋಗುತ್ತದೆ, ಇನ್ನು ಕಳೆಯುವುದೆಲ್ಲಿ ಎನ್ನುವ ಧೈರ್ಯ ಎಲ್ಲ ಕಡೆ ಇದೆ. ಈ ಧೈರ್ಯವೇ ನಮ್ಮನ್ನು ಹೆಚ್ಚು ಹೆದರಿಸುತ್ತದೆ. ಭಜನೆಯೊಂದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ನೋಡಿ. ಅಲ್ಲೇ ಹಿಡಿದು ಕಳಿಸಿದ ಧ್ವನಿಯಾದರೆ ಅದನ್ನು ಹಿಂಡಿ ಚಿಕ್ಕದು ಮಾಡಿರುತ್ತದೆ. ಮಾತಿಗೆ ಅದು ಸಾಕು, ಏಕತಾರಿಯ ತಂತಿಯ ಸುತ್ತ ಏಳುವ ಸಣ್ಣ ದನಿಗಳಿಗೆ ಸಾಲದು. ಆಡಿಯೋ ಫೈಲನ್ನೇ ಕಳಿಸಿದರೆ ಆಚೆಯವರ ಫೋನಿನಲ್ಲಿ ಅದರ ಹೆಸರು ‘ಎಯುಡಿ’ ಎಂದು ಶುರುವಾಗಿ, ಬಂದ ತಾರೀಖು ಹೊತ್ತು, ‘ಡಬ್ಲ್ಯುಎ 0003’ ಎಂಬಂಥ ಸಂಖ್ಯೆಯಲ್ಲಿ ಮುಗಿಯುತ್ತದೆ. ಹಾಡಿದವರು ಯಾರು, ಯಾವೂರು, ಯಾರ ಪದ, ತಬಲ ಯಾರದು, ಎಲ್ಲ ಹೋಯಿತು. ಹತ್ತು ಜನರಿಗೆ ತಲುಪುವ ಹೊತ್ತಿಗೆ ಹಾಡು ಅನಾಥ. ಮೆಮೊರಿ ಕಾರ್ಡಿನ ಬಾಳಿಕೆಯೂ ಅಷ್ಟಕ್ಕಷ್ಟೇ. ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದ ಕಾರ್ಡು ಒಂದು ದಿನ ತೆರೆಯುವುದೇ ಇಲ್ಲ.

ದೊಡ್ಡ ಕಂಪನಿಗಳ ಮೇಲೆ ಹಾಕಿಟ್ಟರೆ ಭದ್ರ ಎನ್ನುವವರು ಮೈಸ್ಪೇಸ್ ಎಂಬ ಹೆಸರನ್ನು ನೆನಪಿಡಬೇಕು. ಒಂದು ಕಾಲಕ್ಕೆ ಜಗತ್ತಿನ ಹೊಸ ಸಂಗೀತಗಾರರೆಲ್ಲ ತಮ್ಮ ಹಾಡು ಇಟ್ಟಿದ್ದ ಜಾಗ ಅದು. ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳಲ್ಲಿ ಸೇರಿದ ಹಾಡುಗಳು ಅಳಿಸಿಹೋದವೆಂದು 2019ರಲ್ಲಿ ಹೊರಬಂತು. ಕಳೆದದ್ದು ಸುಮಾರು 5 ಕೋಟಿ ಹಾಡು ಎಂಬುದು ಅಂದಾಜು. ಹಣದ ಲೆಕ್ಕದಲ್ಲೂ ಸಣ್ಣ ಹಾಡುಗಾರರಿಗೆ ಅಲ್ಲಿ ಜಾಗ ಕಿರಿದಾಗುತ್ತಿದೆ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನವನ್ನೇ ಕೊಡುವುದಿಲ್ಲ. ಅಲಾಯಿ ಪದ ಹಾಡುವ ಮುದುಕರಿಗೆ ಆ ಸಾವಿರ ಎಲ್ಲಿಂದ ಬರಬೇಕು?

ಇದಕ್ಕಿಂತ ಹತ್ತಿರದ ಅಪಾಯ ಒಡೆತನದ್ದು. ಹೆಸರಿಲ್ಲದ ಹಾಡನ್ನು ಮೊದಲು ಮೇಲೇರಿಸಿದವರು ಅದರ ಯಜಮಾನರಾಗಿ ಕೂರುತ್ತಾರೆ. ಹಳೆಯ ಪದವನ್ನು ಕ್ಯಾಸೆಟ್ಟು ಮಾಡಿದ ಕಂಪನಿಯ ಹಕ್ಕಿನ ಹೆಸರಿನಲ್ಲಿ, ಅದೇ ಪದವನ್ನು ತಮ್ಮೂರ ಗುಡಿಯಲ್ಲಿ ಹಾಡಿದವರ ವಿಡಿಯೋಕ್ಕೆ ಯೂಟ್ಯೂಬಿನಲ್ಲಿ ನೋಟಿಸು ಬರುತ್ತದೆ. ಇಲ್ಲಿ ಹಾಡುಗಾರರು ತಿಳಿಯಬೇಕಾದ ಮಾತೊಂದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಂ ಪ್ರಕಾರ, ಪ್ರದರ್ಶನದ ಜೊತೆ ತನ್ನ ಹೆಸರು ಹೇಳಿಸಿಕೊಳ್ಳುವುದು ಕಲಾವಿದರ ಹಕ್ಕು. ಹಂಚುವವರು ಹೆಸರು ಬರೆಯುವುದು ದೊಡ್ಡ ಮನಸ್ಸಿನ ಉಪಕಾರವೇನಲ್ಲ, ಕಾನೂನಿನ ಬಾಧ್ಯತೆ.

ಇಷ್ಟೆಲ್ಲ ಅಪಾಯ ಬೆಂಗಳೂರಿನ ಟೇಪಿಗೂ ಇದೆ. ಉಟ್ಕೂರಿನದಕ್ಕೆ ಇನ್ನೊಂದು ಸೇರಿಕೊಂಡಿದೆ: ಗಡಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಾಡಿಗೆ ಆ ಗೆರೆ ಗೊತ್ತಾಗಲಿಲ್ಲ. ಸಂಗ್ರಹಾಲಯಗಳಿಗೆ ಚೆನ್ನಾಗಿ ಗೊತ್ತಾಯಿತು. ರಾಮನಗರದ ಜಾನಪದ ಲೋಕದಲ್ಲಿ, ಉಡುಪಿಯ ಎಂಜಿಎಂ ಕಾಲೇಜಿನ ರಂಗಕಲೆಗಳ ಕೇಂದ್ರದಲ್ಲಿ ಕನ್ನಡ ಜನಪದದ ಧ್ವನಿ ಸಂಗ್ರಹಗಳಿವೆ. ಅವು ಇರುವುದು ನೂರಾರು ಮೈಲಿ ದೂರದಲ್ಲಿ. ತೆಲಂಗಾಣದ ಕಡೆಯಿಂದ ಪ್ರೊ. ಜಯಧೀರ್ ತಿರುಮಲ ರಾವ್ ಅಂಥವರು ಮರೆತುಹೋಗುತ್ತಿದ್ದ ವಾದ್ಯಗಳನ್ನು ಹಟಹಿಡಿದು ಕೂಡಿಹಾಕಿದರು. ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಒಂದೇ ರಾತ್ರಿ, ಒಂದೇ ಬಾಯಲ್ಲಿ, ಕನ್ನಡದ ಮಡಿವಾಳಪ್ಪನಿಂದ ತೆಲುಗಿನ ವೀರಬ್ರಹ್ಮೇಂದ್ರರ ತತ್ವಕ್ಕೆ ದಾಟುವ ಹಾಡಿಕೆ ಯಾರ ಪಟ್ಟಿಗೆ ಸೇರಬೇಕು? ಕನ್ನಡದವರು ಇದು ಆಚೆಯ ರಾಜ್ಯದ್ದು ಅನ್ನುತ್ತಾರೆ, ಅಲ್ಲಿನವರು ಇದು ಕನ್ನಡದ್ದು ಅನ್ನುತ್ತಾರೆ. ಎರಡೂ ಕಡೆಯವರು ಬಿಟ್ಟದ್ದು ಯಾವುದೋ ಅದೇ ಈ ಸೀಮೆಯ ಅತಿ ಹೊಸ, ಅತಿ ವಿಶೇಷ ದನಿ.

ಆಗಬೇಕಾದ ಕೆಲಸ ಅಸಾಧ್ಯದ್ದೇನಲ್ಲ. ಐಎಎಸ್‌ಎ ಹೇಳುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್, ಹಿಂಡದ ವೇವ್ ಫೈಲು. ಸಾಧ್ಯವಾದರೆ 96 ಕಿಲೋಹರ್ಟ್ಸ್. ಕನಿಷ್ಠ ಮಟ್ಟದಲ್ಲಿ ಒಂದು ಗಂಟೆಯ ಕ್ಯಾಸೆಟ್ಟು ಸುಮಾರು 1 ಜಿಬಿ ಆಗುತ್ತದೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂಬೈನೂರು ಗಂಟೆಗೂ ಮೀರಿ ಹಾಡು ಹಿಡಿಯುತ್ತದೆ. ಜಾಗದ ಕೊರತೆ ಇಲ್ಲ. ಕೊರತೆ ಇರುವುದು ಸಮಯಕ್ಕೆ: ಒಂದು ಗಂಟೆಯ ಟೇಪನ್ನು ಇಳಿಸಲು ಒಂದು ಗಂಟೆ ಬೇಕೇ ಬೇಕು, ಅವಸರದ ದಾರಿ ಇಲ್ಲ. ಹಾಗಾಗಿ ನಾಳೆ ನೋಡೋಣ ಎಂದ ಪ್ರತಿ ವರ್ಷವೂ ನೇರ ನಷ್ಟ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡ ಗಡಿಯ ಕನ್ನಡ ಕೆಲಸಗಳಿಗೆ ನೆರವು ಕೊಡುವ ಸಂಸ್ಥೆ. ಅದು ಈ ವರ್ಷ ಒಂದು ಸಮ್ಮೇಳನದ ಪೆಂಡಾಲಿನ ಹಣವನ್ನು ಈ ಕಡೆ ತಿರುಗಿಸಲಿ. ಚೆನ್ನಾಗಿ ಸರಿಪಡಿಸಿದ ಎರಡು ಕ್ಯಾಸೆಟ್ ಡೆಕ್ಕು, ಒಂದು ಆಡಿಯೋ ಇಂಟರ್‌ಫೇಸು, ಒಂದು ಕಂಪ್ಯೂಟರು, ಕೆಲಸ ಬಲ್ಲ ಇಬ್ಬರು ಹುಡುಗರು, ಇಷ್ಟಿದ್ದರೆ ಮಖ್ತಲ್‌ನಲ್ಲಿ ಒಂದು ಕೊಠಡಿ ಸಾಕು. ಜಕ್ಲೇರ್–ಕೃಷ್ಣಾ ಹೊಸ ಹಳಿಯ ಮೇಲೆ 2023ರ ಅಕ್ಟೋಬರಿನಿಂದ ಕಾಚಿಗುಡ–ರಾಯಚೂರು ರೈಲು ಓಡುತ್ತಿದೆ. ಕ್ಯಾಸೆಟ್ಟು ಹೊತ್ತು ಬರುವವರಿಗೆ ದಾರಿಯೂ ಆಗಿದೆ. ರಾಯಚೂರಿನ ವಿಶ್ವವಿದ್ಯಾಲಯ ಮತ್ತು ಮಹಬೂಬ್‌ನಗರದ ಪಾಲಮೂರು ವಿಶ್ವವಿದ್ಯಾಲಯ ತಲಾ ಒಂದು ಪ್ರತಿ ಇಟ್ಟುಕೊಳ್ಳಲು ಒಪ್ಪಬೇಕು. ಮೂರನೆಯ ಪ್ರತಿಗೆ ಗುರುಗ್ರಾಮದ ಎಆರ್‌ಸಿಇ ಇದೆ. 1982ರಲ್ಲಿ ಶುರುವಾದ ಈ ಸಂಗೀತ ಸಂಗ್ರಹಾಲಯ, ಟೇಪು ಕೊಟ್ಟವರ ಷರತ್ತುಗಳಿಗೆ ಬದ್ಧವಾಗಿಯೇ ಅದನ್ನು ಕಾಪಾಡುತ್ತದೆ. ಮೂಲ ಕ್ಯಾಸೆಟ್ಟು ಮಾತ್ರ ಮನೆಯವರ ಕೈಗೇ ಮರಳಬೇಕು. ಹೊರಗಿನಿಂದ ಬಂದು ಪೆಟ್ಟಿಗೆಗಟ್ಟಲೆ ಒಯ್ದು ಮತ್ತೆ ಮುಖ ತೋರಿಸದವರ ಅನುಭವ ಹಳ್ಳಿಗಳಿಗಿದೆ. ಆ ಗಾಯದ ಮೇಲೆ ಹೊಸ ಸಂಗ್ರಹ ಕಟ್ಟಲಾಗದು.

ಹೊಸದಾಗಿ ಹಿಡಿಯುವ ಕೆಲಸವೂ ಜೊತೆಗೇ ನಡೆಯಬೇಕು. ಕೊಂಡಪ್ಪನವರ ಬುರ್ರವೀಣೆಯನ್ನು ಸಿನಿಮಾದ ಮೂರು ನಿಮಿಷಕ್ಕೆ ಅಳೆಯದೆ, ಒಂದು ಪೂರಾ ರಾತ್ರಿ, ತಂತಿ ಬಿಗಿಯುವ ಸದ್ದಿನಿಂದ ಹಿಡಿದು, ಅವರ ಮಾತು, ಕೆಮ್ಮು, ಹೊರಗಿನ ನಾಯಿಯ ಬೊಗಳು ಸಮೇತ ಹಿಡಿಯಲಿ. ಅದಕ್ಕೆ ತಕ್ಕ ಸಂಭಾವನೆ ಕೊಟ್ಟು, ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಂಡು ಮಾಡಲಿ. ಜಗತ್ತಿನ ಪ್ರಯೋಗಶೀಲ ಸಂಗೀತದವರು ಕೇಳಬಯಸುವುದು ಇಂಥ ಬಿಚ್ಚು ಧ್ವನಿಯನ್ನೇ. ಅವರಿಗೆ ಕೊಡುವಾಗ ನಾವೇ ಕೊಡೋಣ, ಹೆಸರು ಹೇಳಿ ಕೊಡೋಣ.

ಓದುಗರಲ್ಲಿ ನಮ್ಮ ಬೇಡಿಕೆ ಸಣ್ಣದು. ಮನೆಯಲ್ಲಿರುವ ಕ್ಯಾಸೆಟ್ಟುಗಳನ್ನು ಇವತ್ತೇ ಹೊರತೆಗೆಯಿರಿ. ಹಾಡಿದವರು, ಊರು, ವರ್ಷ, ನೆನಪಿದ್ದಷ್ಟನ್ನು ಬಾಲ್‌ಪೆನ್ನಿನಲ್ಲಿ ಚೀಟಿಯ ಮೇಲೆ ಬರೆಯಿರಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಈಗಲೇ ಕೇಳಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ, ಯಾರೂ ತಪ್ಪಿ ಅದರ ಮೇಲೆ ರೆಕಾರ್ಡು ಮಾಡಲಾರರು. ಸ್ಪೀಕರಿನ ಪಕ್ಕ, ಬಿಸಿಲು ಬೀಳುವ ಗೋಡೆಯ ಗೂಡಿನಲ್ಲಿ ಇಡಬೇಡಿ. ಹಳೇ ಸೆಟ್ಟಿನಲ್ಲಿ ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳಿ, ರೀಲು ಸಿಕ್ಕಿಕೊಂಡರೆ ಅಲ್ಲಿಗೇ ಮುಗಿಯಿತು. ಕನ್ನಡ ಶಾಲೆಯ ಮೇಷ್ಟ್ರುಗಳು ಮಕ್ಕಳಿಂದ ಊರಿನ ಕ್ಯಾಸೆಟ್ಟುಗಳ ಪಟ್ಟಿ ಮಾಡಿಸಲಿ. ಆ ಪಟ್ಟಿ ಕೈಯಲ್ಲಿದ್ದರೆ ಪ್ರಾಧಿಕಾರದ ಬಾಗಿಲು ತಟ್ಟುವ ಕೆಲಸವನ್ನು ನಾವು ಮಾಡುತ್ತೇವೆ.